ನಮ್ಮ ಕಟ್ಟೆಯ ಮೇಲಿನ ಪಹರೆ

ಶ್ರಾವಣದ ಆ ಸೋಮವಾರ ಸಂಜೆ ನಾಲ್ಕೂ ಹತ್ತಕ್ಕೆ ಅಪ್ಪ ಹೊಲಿಗೆ ಯಂತ್ರದ ಗಾಲಿ ಹಿಡಿದು ನಿಲ್ಲಿಸಿ ನನ್ನ ಕಡೆ ತಿರುಗಿದ. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಶಿಗ್ಗಾವಿಯಿಂದ ನಾಲ್ಕಕ್ಕೆ ಬರುವ ಬಸ್ಸು ಆಗಷ್ಟೇ ಮನೆ ಮುಂದೆ ಹಾದುಹೋಗಿತ್ತು. ಇವತ್ತು ಹತ್ತು ನಿಮಿಷ ತಡ ಎಂದು ಅವ್ವ ಗಡಿಯಾರ ನೋಡಿ ಹೇಳಿದ್ದಳು. ನಡೆದದ್ದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ನೋಡಿದರೂ ಅದು ಅವಳ ಆ ಮಾತಿನಿಂದಲೇ ಶುರುವಾಗುತ್ತದೆ.

ಆ ದಿನಗಳಲ್ಲಿ ದುಂಡಸಿಯ ನಮ್ಮ ಪಡಸಾಲೆಯೆಂದರೆ ಹೊಸ ಬಟ್ಟೆಯ ಗಂಜಿ, ಮಷಿನ್ ಎಣ್ಣೆ, ಇಸ್ತ್ರಿಪೆಟ್ಟಿಗೆಯ ಕೆಂಡ ಎಲ್ಲ ಸೇರಿದ ಒಂದು ವಾಸನೆ. ಪಂಚಮಿ ಹತ್ತಿರ ಬಂತೆಂದರೆ ಮೂಲೆಯಲ್ಲಿ ಜಂಪರುಗಳ ರಾಶಿ. ನನಗೆ ಹತ್ತು ವರ್ಷ. ಉಳಿದ ಚೂರುಗಳಲ್ಲಿ ಗೊಂಬೆಗೆ ಸೀರೆ ಉಡಿಸುವುದು, ಖಾಲಿ ರೀಲಿಗೆ ಕಡ್ಡಿ ಸಿಕ್ಕಿಸಿ ಗಾಡಿ ಮಾಡುವುದು ನನ್ನ ಆಟ. ಶೇಂಗಾ ಉಂಡಿ ತಿಂದ ಕೈಯಲ್ಲಿ ಬಟ್ಟೆ ಮುಟ್ಟಿದರೆ ಅಪ್ಪ ಅಳತೆಪಟ್ಟಿಯಿಂದ ಮೆಲ್ಲಗೆ ಬೆನ್ನು ತಟ್ಟುತ್ತಿದ್ದ. ಕುಡಿಯದ ಹೊತ್ತಿನಲ್ಲಿ ಅವನ ಕೈ ಅಷ್ಟು ಮೆತ್ತಗೆ. ಆದರೆ ಅಂಥ ಹೊತ್ತು ದಿನಕ್ಕೆ ಒಂದೆರಡು ತಾಸಿಗೆ ಇಳಿದಿತ್ತು. ಬೆಳಿಗ್ಗೆ ಎದ್ದೊಡನೆ ಕುಡಿದರೆ ಮಾತ್ರ ಸೂಜಿಗೆ ದಾರ ಪೋಣಿಸಲು ಅವನಿಗೆ ಬರುತ್ತಿತ್ತು.

ನಮ್ಮ ಓಣಿಯ ವಿಠೋಬನ ಗುಡಿಯಲ್ಲಿ ಶ್ರಾವಣಕ್ಕೊಂದು ಸಪ್ತಾಹ. ಏಳು ದಿನ ಎಡೆಬಿಡದೆ ಭಜನೆ. ಆ ಏಳೂ ದಿನ ವೀಣೆ ನೆಲ ಮುಟ್ಟುವಂತಿಲ್ಲ, ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಹೋಗಬೇಕು. ಈ ಸರದಿಗೆ ಪಹರೆ ಎನ್ನುತ್ತಿದ್ದರು. ಯಾರ ಪಹರೆ ಎಷ್ಟು ಹೊತ್ತಿಗೆ ಎಂದು ಗುಡಿಯ ಕರಿಹಲಗೆಯ ಮೇಲೆ ಬರೆದಿರುತ್ತಿತ್ತು. ಭಜನೆಯ ಹಿರಿಯ ನಿಂಗಪ್ಪಜ್ಜ ಆ ವರ್ಷ ಸಪ್ತಾಹ ಶುರುವಾದ ಶುಕ್ರವಾರ ಅಪ್ಪನನ್ನು ಮನೆಯಿಂದ ಕರೆದೊಯ್ದು, ವೀಣೆ ಮುಟ್ಟಿಸಿ ಆಣೆ ಮಾಡಿಸಿ, ತುಳಸಿ ಮಾಲೆ ಹಾಕಿದ. ಮಾಲೆ ಬಿದ್ದ ಕೊರಳಲ್ಲಿ ಇನ್ನು ಒಂದು ಹನಿಯೂ ಇಳಿಯುವಂತಿಲ್ಲ. ಅವ್ವ ಗುಡಿಯ ಮೆಟ್ಟಿಲ ಮೇಲೆ ಕುಳಿತು ಸಂತೋಷಕ್ಕೆ ಅತ್ತಳು.

ಭಾನುವಾರ ಅಪ್ಪನ ಕೈ ನಡುಗಿ ತುತ್ತು ಬಾಯಿ ತಲುಪಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ರೆಪ್ಪೆಗೆ ರೆಪ್ಪೆ ಹತ್ತಿರಲಿಲ್ಲ. ಪಾಪ ಹೊರಗ ಬೀಳಾಕತ್ತೈತಿ, ಅಂಜಬ್ಯಾಡ ಎಂದು ನಿಂಗಪ್ಪಜ್ಜ ಅವ್ವನಿಗೆ ಧೈರ್ಯ ಹೇಳಿ ಭಜನೆಗೆ ಹೋದ.

ಸೋಮವಾರ ನನ್ನ ಕಡೆ ತಿರುಗಿದ ಅಪ್ಪ ಹೇಳಿದ್ದು ಇಷ್ಟು: "ಸುಮಾ, ಅಲ್ಲಾಡಬ್ಯಾಡ. ನಿನ್ನ ಹೆರಳಾಗ ಹಾವು ಕುಂತೈತಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇವತ್ತಿಗೂ ನನ್ನನ್ನು ನಡುಗಿಸುವುದು ಅದೇ. ಎಡಗೈಯಲ್ಲಿ ನನ್ನ ಹೆರಳು, ಬಲಗೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅವನು ನನ್ನನ್ನು ಉಳಿಸುತ್ತಿದ್ದ. ತಣ್ಣನೆಯ ಅಲಗು ಕಿವಿಯ ಹಿಂದೆ ತಾಗಿತು. ಅವ್ವ ಓಡಿಬಂದು ಅವನ ಮುಂಗೈಗೆ ಜೋತುಬಿದ್ದಳು. ಅರ್ಧ ಹೆರಳು ಕತ್ತರಿಸಿ ನೆಲಕ್ಕೆ ಬಿತ್ತು, ಅದನ್ನು ಕಂಡು ಅಪ್ಪ ಗೋಡೆಗೆ ಒರಗಿ ಕೂಗತೊಡಗಿದ.

ಮಂದಿ ಸೇರಿದರು. ನಿಂಗಪ್ಪಜ್ಜ ಬಂದು, ಪಂಚಮಿಯ ತಿಂಗಳು, ಮಾಲೆ ಹಾಕಿದವನಿಗೆ ನಾಗಪ್ಪ ಕಾಣಿಸಿಕೊಂಡಿದ್ದಾನೆ ಎಂದು ಕರ್ಪೂರ ಹಚ್ಚಿಸಿದ. ಸವಣೂರಿನಿಂದ ಟಂಟಂ ಗಾಡಿಯಲ್ಲಿ ವೀಳ್ಯದೆಲೆ ತರುತ್ತಿದ್ದ ಖಾದರ್ ಕಾಕಾ ಎದುರಿನ ಅಂಗಡಿಗೆ ಪೆಂಡಿ ಇಳಿಸುತ್ತಿದ್ದವನು ಗದ್ದಲ ಕೇಳಿ ಒಳಗೆ ಬಂದ. ಅಪ್ಪನ ಬೆರಳು ಹಿಡಿದು ನೋಡಿದ.

"ಅಜ್ಜಾರ, ಇದು ನಾಗಪ್ಪ ಅಲ್ಲರಿ," ಎಂದ. "ನಮ್ಮ ತಮ್ಮಗೂ ಹಿಂಗ ಆಗಿತ್ತು. ನಾವೂ ಮಸೂತಿ ಮುಂದ ಆಣಿ ಮಾಡಿಸಿ ಮನ್ಯಾಗ ಕೂಡಿ ಹಾಕಿದ್ವಿ. ನಾಕನೇ ದಿನ ಹೋದ."

ನಿಂಗಪ್ಪಜ್ಜ ಕರ್ಪೂರದ ತಟ್ಟೆ ಕೆಳಗಿಟ್ಟು ಅಪ್ಪನನ್ನು ಎತ್ತಲು ಕಾಲು ಹಿಡಿದ. ಖಾದರ್ ಕಾಕಾ ತೋಳು. ಎಲೆಯ ಪೆಂಡಿಗಳ ಮೇಲೆಯೇ ಅವನನ್ನು ಮಲಗಿಸಿಕೊಂಡು ಟಂಟಂ ದವಾಖಾನೆಗೆ ಹೊರಟಿತು.

ದವಾಖಾನೆಯಲ್ಲಿ ಡಾಕ್ಟರು ಅಜ್ಜನನ್ನು ಬಯ್ಯಲಿಲ್ಲ. ಇಷ್ಟು ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ, ಇಲ್ಲಿ ಇಟ್ಟುಕೊಂಡು ಔಷಧಿ ಕೊಟ್ಟು ಬಿಡಿಸಬೇಕಿತ್ತು ಎಂದಷ್ಟೇ ಹೇಳಿದರಂತೆ. ಎರಡು ದಿನ ಅಪ್ಪ ಉಳಿಯುವುದು ಯಾರಿಗೂ ಖಾತ್ರಿ ಇರಲಿಲ್ಲ. ಹನ್ನೆರಡನೆಯ ದಿನ ಬಟ್ಟೆ ಸಡಿಲವಾದ, ಮಾತಿಲ್ಲದ ಮನುಷ್ಯನೊಬ್ಬ ಮನೆಗೆ ಬಂದ. ಅವನ ಹಿಂದೆಯೇ ಗುಡಿಯ ಕರಿಹಲಗೆ ಹೊತ್ತುಕೊಂಡು ನಿಂಗಪ್ಪಜ್ಜ.

"ತಪ್ಪು ನಂದವ್ವ," ಎಂದ ಅವ್ವನಿಗೆ. "ಆಣಿ ಮಾಡಿಸಿ ನಾವು ನಮ್ಮ ನಮ್ಮ ಮನೀಗೆ ಹೋದ್ವಿ. ಅವನ ಜೋಡಿ ಯಾರೂ ಕುಂದರಲಿಲ್ಲ."

ಅವತ್ತಿನಿಂದ ಪಹರೆ ನಮ್ಮ ಕಟ್ಟೆಗೆ ಬಂತು. ಅಪ್ಪ ಸಾರಾಯಿ ಅಂಗಡಿಯ ಕಡೆ ಕಾಲು ಕೀಳುವ ಹೊತ್ತು ನೋಡಿಯೇ ಹೆಸರು ಬರೆದಿದ್ದರು. ಬಂದವರು ಉಪದೇಶ ಮಾಡಲಿಲ್ಲ. ಒಬ್ಬರು ಶೇಂಗಾ ಬುಟ್ಟಿ ತಂದು ಬಿಡಿಸುತ್ತ ಕೂರುವರು, ಇನ್ನೊಬ್ಬರು ತಾಳದ ದಾರ ಬದಲಿಸುವರು. ಅವ್ವ ಒಗ್ಗರಣೆ ಚುನಮರಿ ಮಾಡಿ ಕೊಡುವಳು, ಖಾದರ್ ಕಾಕಾ ತರುತ್ತಿದ್ದ ಸವಣೂರು ಖಾರ ಎಲ್ಲರ ಕೈಗೂ ಬರುವುದು. ಸಂಜೆಯ ನಮಾಜು ಮುಗಿದ ಮೇಲಿನ ಪಹರೆ ಅವನದೇ. ವಿಠೋಬನ ಹಲಗಿ ಮ್ಯಾಲ ಸಾಬರ ಹೆಸರು ಕುಂತೈತಿ, ವೀಣಿ ಹಿಡೀಲಿಕ್ಕೆ ಬರತೈತೇನೋ ಎಂದು ಅಜ್ಜ ಕೆಣಕುವನು.

"ವೀಣಿ ನೀವು ಹಿಡೀರಿ ಅಜ್ಜಾರ. ನಾ ಈ ಟೇಲರ್‌ನ ಹಿಡೀತೇನಿ," ಎನ್ನುವನು ಕಾಕಾ. ಅಪ್ಪ ಮೊದಲ ಸಲ ನಕ್ಕಿದ್ದು ಆ ಮಾತಿಗೆ.

ಒಂದು ದಿನ ಅಪ್ಪ ಜಾರಿ ಮತ್ತೆ ಕುಡಿದ. ಮಳೆ ಬಂದು ಪಹರೆಯವರು ಬರುವುದು ತಡವಾಗಿತ್ತು. ವಾಸನೆ ಬಂದೊಡನೆ ಅವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡಳು. ಅಜ್ಜ ಮಾಲೆ ಕಿತ್ತುಕೊಳ್ಳುತ್ತಾನೆಂದು ಅಪ್ಪ ತಾನೇ ಬಿಚ್ಚಿ ಮುಂದೆ ಇಟ್ಟ. ಅಜ್ಜ ಅದನ್ನು ಮತ್ತೆ ಅವನ ಕೊರಳಿಗೆ ಹಾಕಿ, ನಾಳೆ ಮುಂಜಾನೆಯ ಬಸ್ಸಿಗೆ ಡಾಕ್ಟರ ಹತ್ತಿರ ಹೋಗೋಣ ಎಂದ. ಅಷ್ಟೇ ಮಾತು.

ಈಗ ಅಜ್ಜನಿಲ್ಲ. ಖಾದರ್ ಕಾಕಾ ಸವಣೂರು ಬಿಟ್ಟು ಮಗಳ ಊರು ಸೇರಿದ. ಸಪ್ತಾಹ ಒಂದೇ ದಿನಕ್ಕೆ ಇಳಿದು, ಉಳಿದ ಹೊತ್ತು ಧ್ವನಿವರ್ಧಕ ಹಾಡುತ್ತದೆ. ನಾನು ಎಂ.ಎ. ಓದಿ ಹಾವೇರಿಯಲ್ಲಿ ಪಾಠ ಹೇಳುತ್ತೇನೆ. ಪಕ್ಕದ ಮನೆಯ ಗಂಡಸು ಕುಡಿಯುತ್ತಾನೆ. ಅವನ ಹೆಂಡತಿಗೆ ಡಾಕ್ಟರ ನಂಬರು ಬರೆದುಕೊಟ್ಟಿದ್ದೇನೆ, ಒಮ್ಮೆಲೇ ಬಿಡಿಸಬೇಡಿ ಎಂದೂ ಹೇಳಿದ್ದೇನೆ. ಆದರೆ ಒಂದು ಬುಟ್ಟಿ ಶೇಂಗಾ ಹಿಡಿದುಕೊಂಡು ಹೋಗಿ ಅವರ ಬಾಗಿಲಲ್ಲಿ ಕೂರಲು ನನ್ನಿಂದ ಇನ್ನೂ ಆಗಿಲ್ಲ. ಅದು ಒಬ್ಬರಿಂದ ಆಗುವ ಕೆಲಸವೂ ಅಲ್ಲ.

ಅಪ್ಪ ಈಗಲೂ ಹೊಲಿಯುತ್ತಾನೆ. ಆ ವರ್ಷ ದವಾಖಾನೆಯಿಂದ ಮನೆಗೆ ಬಂದ ಮೇಲೂ ಎಷ್ಟೋ ವಾರ ಅವನು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದ. ಅವ್ವ ಮತ್ತು ನಾನು ಸರದಿಯಲ್ಲಿ ಕಣ್ಣು ಮುಚ್ಚುತ್ತಿದ್ದೆವು. ಮೂವರೂ ಬೆಳಗಿನ ತನಕ ಮಲಗಿದ್ದು ದಸರೆಯ ಹಿಂದಿನ ವಾರ. ಎಚ್ಚರಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಅಂಗಳಕ್ಕೆ ನೀರು ಬಿದ್ದಿಲ್ಲವೆಂದು ಗಾಬರಿಯಾಗಿ ನಿಂಗಪ್ಪಜ್ಜ ಬಾಗಿಲು ಬಡಿಯುತ್ತಿದ್ದ. ಅವ್ವ ಎದ್ದವಳು ಮೊದಲು ಅಪ್ಪನ ಮೂಗಿಗೆ ಬೆರಳು ಹಿಡಿದು ನೋಡಿದಳು. ಗೊರಕೆ ಹೊಡೆಯುತ್ತಿದ್ದವನ ಮೂಗಿಗೆ. ಅಜ್ಜ ಬಾಗಿಲಲ್ಲಿ ನಿಂತು ಆ ಗೊರಕೆ ಕೇಳಿದ.

"ಎಬ್ಬಸಬ್ಯಾಡವ್ವ," ಎಂದ ಸಣ್ಣ ದನಿಯಲ್ಲಿ. "ಇನ್ನ ಪಹರಿ ಸಾಕು. ಕರದಾಗ ಬರತೇವಿ."

ಆ ಸಂಜೆ ನಾನು ಎಂದಿನಂತೆ ಕಟ್ಟೆ ಗುಡಿಸಿ ಚಾಪೆ ಹಾಸಿದೆ. ಯಾರೂ ಬರಲಿಲ್ಲ. ನಮ್ಮ ಮನೆ ಉಳಿದಿತ್ತು, ಅವರು ಬರಬೇಕಾದ ಕಾರಣ ಉಳಿದಿರಲಿಲ್ಲ. ಕತ್ತಲಾಗುವವರೆಗೆ ಚಾಪೆ ಮಡಚಲು ನನಗೆ ಮನಸ್ಸಾಗಲಿಲ್ಲ.