ನೋಯದ ಎದೆ

ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಔಷಧದಂಗಡಿಯವ ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿದ. ಆ ಕರಕರ ಸದ್ದಿಗೆ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು. ಕಿತ್ತೂರು, ಯರಗಟ್ಟಿ ಅಂತ ಆಯುಷ್ಯವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗೆ. ಹುಷಾರಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಾಗ ಬೆಳಗಾವಿಗೆ ಒಯ್ದು ಆಪರೇಶನ್ ಮಾಡಿಸಿದೆವು. ಪಕ್ಕದ ಮಂಚದಲ್ಲಿ ದೇಗಾಂವದ ಗವಂಡಿಯೊಬ್ಬರಿದ್ದರು. ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದು ಅವರದೂ ಕಾಲು ಮುರಿದು ಆಪರೇಶನ್ ಆಗಿತ್ತು. ಇಬ್ಬರಿಗೂ ಮುಗಿಯದ ಮಾತು. ಒಬ್ಬರ ಮನೆಯ ಬುತ್ತಿ ಇನ್ನೊಬ್ಬರ ತಾಟಿಗೆ...

ಡಾಕ್ಟರು ಇಬ್ಬರಿಗೂ ಒಂದೇ ಸುದ್ದಿ ಹೇಳಿದರು. ಆಪರೇಶನ್ನಿನ ಬೆನ್ನಿಗೇ ಹೃದಯಕ್ಕೆ ಪೆಟ್ಟಾಗಿದೆ, ರಕ್ತಪರೀಕ್ಷೆಯಲ್ಲಿ ಕಂಡಿದೆ. ಇಂಥದ್ದು ಎಷ್ಟೋ ಸಲ ನೋಯುವುದೇ ಇಲ್ಲ, ಆದರೆ ಜೀವಕ್ಕೆ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ, ಕೊಬ್ಬಿಗೆ ಒಂದು, ನಿಲ್ಲಿಸಬೇಡಿ ಎಂದರು. ಅವರು ಅತ್ತ ಹೋದದ್ದೇ ತಡ, ಕಾಕಾ ಗವಂಡಿಯ ಕಡೆ ಹೊರಳಿದರು.

"ಮುರದದ್ದು ಕಾಲು, ದೋಸ್ತ. ನೋಯಲಾರದ ಎದಿಗೆ ಗುಳಿಗಿ ಯಾಕ?"

ವಾರ್ಡೆಲ್ಲ ನಕ್ಕಿತು. ಗವಂಡಿ ಎಲ್ಲರಿಗಿಂತ ಹೆಚ್ಚು ನಕ್ಕರು.

ಮನೆಗೆ ಬಂದ ಮೇಲೆ ಕಾಕು ಬಿಡಲಿಲ್ಲ. ಗುಳಿಗೆ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಗಂಡನಿಗೆ ಚಹಾ ಕೊಡುತ್ತಿರಲಿಲ್ಲ. ಕಾಕಾ ಗೊಣಗುತ್ತಲೇ ನುಂಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ದೇಗಾಂವದಿಂದ ಸುದ್ದಿ ಬಂತು. ಗವಂಡಿಯ ಕಾಲು ನೆಟ್ಟಗಾಗಿ ಕೆಲಸಕ್ಕೂ ಹೋಗುತ್ತಿದ್ದರಂತೆ. ಗುಳಿಗೆ ಎಂದೋ ಬಿಟ್ಟಿದ್ದರಂತೆ. ಊಟಕ್ಕೆ ಕುಳಿತವರು ತಾಟಿನ ಮುಂದೆಯೇ ಒರಗಿ ತೀರಿಕೊಂಡರಂತೆ...

ಸುದ್ದಿ ಕೇಳಿದ ಕಾಕಾ ಆಮೇಲೊಂದು ದಿನ ನನ್ನನ್ನು ಕರೆದುಕೊಂಡು ದೇಗಾಂವಕ್ಕೆ ಹೊರಟರು. ಬಸ್ಸಿನಲ್ಲಿ ಪರಿಚಯದ ಚಾಲಕ ಮುಂದೆ ಬರ್ರಿ ಎಂದು ಕರೆದರೂ ಹಿಂದಿನ ಸೀಟು ಬಿಟ್ಟೇಳಲಿಲ್ಲ. ಗವಂಡಿಯ ಹೆಂಡತಿಯ ಎದುರು ಕುಳಿತು, ವಾರ್ಡಿನಲ್ಲಿ ತಾವು ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಬೈಸಿಕೊಳ್ಳಲೆಂದೇ ಬಂದಿದ್ದರು. ಆಕೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು:

"ಅವರು ಯಾರ ಮಾತೂ ಕೇಳಾವ್ರಲ್ರಿ. ನಿಮ್ಮ ಮಾತು ಕೇಳ್ಯಾರಂದ್ರ ನಿಮ್ಮನ್ನ ಭಾಳ ಹಚ್ಚಿಕೊಂಡಿದ್ರು."

ಅಂದಿನಿಂದ ಕಾಕು ನೆನಪಿಸುವ ಪ್ರಸಂಗವೇ ಬರಲಿಲ್ಲ. ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿ, ಕಾಕಾ ತಾವಾಗಿಯೇ ನುಂಗುತ್ತಿದ್ದರು. ತಪ್ಪದೆ ತಗೊಂಡಿದ್ದರೆ ಗವಂಡಿ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನೂ ಕೇಳಿದರು. ಉಳಿಯುವ ಸಂಭವ ಹೆಚ್ಚಿತ್ತು, ಖಚಿತವಾಗಿ ಹೇಳಲಾರೆ ಎಂದರು ಅವರು. ಹೌದು ಅಂದಿದ್ದರೂ, ಇಲ್ಲ ಅಂದಿದ್ದರೂ ಕಾಕಾರ ಮನಸ್ಸು ಒಂದು ಕಡೆ ನಿಲ್ಲುತ್ತಿತ್ತೇನೋ. ಆಮೇಲೆಯೂ ಹಲವು ವರ್ಷ ಬದುಕಿದರು. ಆದರೆ ಆ ನಗೆ... ಮತ್ತೆ ನಮ್ಮ ಓಣಿಯಲ್ಲಿ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಕಾಕಾ ತೀರಿಕೊಂಡರು. ಸುದ್ದಿ ಹೇಳಲು ಕಾಕು, ನಾನು ದೇಗಾಂವಕ್ಕೆ ಹೋದೆವು. ಗವಂಡಿಯ ಹೆಂಡತಿ ಕೇಳಿದ್ದು ಒಂದೇ ಮಾತು.

"ಕಡೀತನಕ ಗುಳಿಗಿ ತಗೊಂಡ್ರೇನ್ರಿ?"

ಕಾಕು ಹೂಂ ಎಂದು ತಲೆಯಾಡಿಸಿದರು. ಚಹಾ ಇಡುತ್ತೇನೆಂದು ಒಳಗೆ ಹೋದ ಆಕೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿನಿಂದ ಭಾಂಡೆಯ ಸದ್ದೂ ಕೇಳಲಿಲ್ಲ.

ಈಗಲೂ ಕಾಕು ಜೋಳ ಹಸನು ಮಾಡುತ್ತ ನಡುವೆ ಕೈ ನಿಲ್ಲಿಸಿ, ಅವತ್ತು ಆಕೆ ಒಳಗೆ ಅಳುತ್ತಿದ್ದಳೇನು ಎಂದು ನನ್ನನ್ನು ಕೇಳುತ್ತಾರೆ. ಯಾರಿಗಾಗಿ ಎಂದು ಮಾತ್ರ ಕೇಳುವುದಿಲ್ಲ. ನಾನು ಅವರ ಪಕ್ಕದಲ್ಲಿ ಕುಳಿತು ಕಲ್ಲು ಆರಿಸುತ್ತೇನೆ...