ಬಾವಿ ನೀರಿನ ಎರಡು ಗ್ರಾಫ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕಾಸರಕೋಡಿನ ಒಂದಿಡೀ ಕೇರಿಯನ್ನು ನಾವಿಬ್ಬರು ಅಧ್ಯಾಪಕರು ಸೇರಿ ಹೆದರಿಸಿಬಿಟ್ಟೆವು.

ಅಲ್ಲಿನ ಬಾವಿಗಳಿಗೆ ಉಪ್ಪುನೀರು ಸೇರುತ್ತಿದೆಯೇ ಎಂದು ನಾನೂ ಸಹೋದ್ಯೋಗಿ ವಿನಾಯಕನೂ ಮಳೆಗಾಲ ಮುಗಿದಾಗಿನಿಂದ ಪರೀಕ್ಷಿಸುತ್ತಿದ್ದೆವು. ಗ್ರಾಫ್ ಬಿಡಿಸಲು ನನಗೆ ಓದುವ ಕಾಲದಿಂದಲೂ ಗ್ನುಪ್ಲಾಟ್ ಎಂಬ ಹಳೆಯ ತಂತ್ರಾಂಶವೇ ಸಾಕು. ಅವನಿಗೆ ಅದು ಅಜ್ಜಿ ಕಾಲದ್ದು. ಪೈಥಾನ್‌ನ ಬಣ್ಣದ ಗ್ರಾಫೇ ಆಗಬೇಕು. ಇವತ್ತು ಅವನ ಹಟವೇ ಗೆದ್ದಿತ್ತು.

ಲ್ಯಾಪ್‌ಟಾಪ್ ಕೇರಿಯವರ ಮುಂದೆ ತೆರೆದರೆ, ಉಪ್ಪಿನ ಪ್ರಮಾಣದ ಕೆಂಪು ಗೆರೆ ಗುಡ್ಡದಂತೆ ಎದ್ದು ನಿಂತಿದೆ. ಮೀನು ಮಾರುವ ಗಂಗಕ್ಕನ ಮುಖ ಬಾಡಿತು.

"ಎಂತ ಮೇಡಂ, ನಮ್ಮ ಬಾವಿ ಹೋತಾ? ಮಕ್ಳಿಗೆಲ್ಲ ಇದೇ ನೀರು ಕುಡಿಸ್ತಾ ಇದ್ದೆವಲ್ಲ!"

ನಾನೂ ಗಾಬರಿಯಾಗಿ ಗ್ರಾಫಿನ ಅಂಚಿನ ಅಂಕಿಗಳನ್ನು ನೋಡಿದೆ. ಅವು ಸೊನ್ನೆಯಿಂದ ಶುರುವಾಗಿರಲೇ ಇಲ್ಲ. ಚೂರೇ ಚೂರು ಏರಿಕೆ ಪರದೆ ತುಂಬ ಹಿಗ್ಗಿತ್ತು. ಗ್ನುಪ್ಲಾಟ್ ತೆರೆದು, ಸೊನ್ನೆಯಿಂದ ಹಿಡಿದು ಕುಡಿಯುವ ನೀರಿನಲ್ಲಿ ಇರಬಹುದಾದ ಉಪ್ಪಿನ ಮಿತಿಯವರೆಗೆ ಮತ್ತೆ ಬಿಡಿಸಿದೆ. ಗೆರೆ ತಳದಲ್ಲಿ ಚಾಪೆಯಂತೆ ಮಲಗಿತು.

"ಇದ್ರಲ್ಲಿ ಎಂತದೂ ಕಾಣುದೇ ಇಲ್ಲಲ್ಲ ಮೇಡಂ!"

"ಕಾಣದೇ ಇರೂದೇ ಒಳ್ಳೇದು ಗಂಗಕ್ಕ. ಉಪ್ಪಿನ ಹೆದರಿಕೆ ಇಲ್ಲ, ಕುಡೀರಿ."

ಗಂಗಕ್ಕ ದೊಡ್ಡ ಉಸಿರು ಬಿಟ್ಟು ನಕ್ಕು, ಅದೇ ಬಾವಿಯ ನೀರನ್ನು ನಮಗಿಬ್ಬರಿಗೂ ತಂದುಕೊಟ್ಟಳು. ನನಗೂ ಜೀವ ಬಂತು.

ವಿನಾಯಕ ಮಾತ್ರ ಚೊಂಬು ಕೆಳಗಿಟ್ಟು, "ಸೊನ್ನೆಯಿಂದ ಶುರು ಮಾಡಿದ್ರೆ ನನ್ನದ್ರಲ್ಲೂ ಹೀಗೇ ಬರ್ತಿತ್ತು ಮೇಡಂ, ಇನ್ನೂ ಚೆಂದಾಗಿ" ಎಂದ.

"ಆತು ಮಾರಾಯಾ, ಮಲಗಿದ ಗೆರೆಗೆ ಎಷ್ಟು ಬಣ್ಣ ಬೇಕಾದ್ರೂ ಹಚ್ಚು" ಎಂದೆ.