ಹೆಬ್ಬೆರಳಿಗೆ ಅಂಗಾರ

ಬೆರಳು ಹೋದಾಗ ನೋವಾಗಲಿಲ್ಲ. ಅಥವಾ ಆಗಿತ್ತು, ನೆನಪಿಲ್ಲ. ಪುಣೆ ಕ್ಯಾಂಪಿನ ಬೈಂಡಿಂಗ್ ಅಂಗಡಿಯಲ್ಲಿ ಕಟಿಂಗ್ ಮಷಿನ್ನಿಗೆ ಸಿಕ್ಕಿ ನನ್ನ ಬಲಗೈ ಹೆಬ್ಬೆರಳು ಜಜ್ಜಿಹೋಯಿತು. ಮತ್ತೆ ಜೋಡಿಸುವಂತಿರಲಿಲ್ಲ.

ಕೆಲವು ತಿಂಗಳ ಮೇಲೆ ಡಾಕ್ಟರು ನನ್ನ ಕಾಲಿನ ಎರಡನೇ ಬೆರಳನ್ನು ತೆಗೆದು ಆ ಜಾಗಕ್ಕೆ ಕೂಡಿಸಿದರು. ಅದಕ್ಕೊಂದು ತೆಳು ವೈರು ಅಂಟಿಸಿದ್ದರು. ವೈರಿನ ತುದಿಯ ಕೆಂಪು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ಲೇಸರ್ ಡಾಪ್ಲರ್ ಎಂಬ ಮಷಿನ್ನಿನಲ್ಲಿ ಅಂಕಿಯಾಗಿ ತೋರಿಸುತ್ತಿತ್ತು. ಅಂಕಿ ಇಳಿದರೆ ಕೂಡಲೇ ಆಪರೇಷನ್ ಥಿಯೇಟರಿಗೆ. ತಡವಾದರೆ ಬೆರಳು ಸಾಯುತ್ತದೆ. ಇಷ್ಟನ್ನು ನನಗೂ ಅವ್ವನಿಗೂ ಹೇಳಿದ್ದರು.

ಎರಡನೇ ದಿನ ಮಧ್ಯಾಹ್ನ ಅಂಕಿ ಇಳಿಯಿತು.

ಓಡಿಬಂದವನು ಧಾರವಾಡದ ಕಡೆಯ ಹುಡುಗ, ವಾರ್ಡಿನ ರೆಸಿಡೆಂಟ್ ಡಾಕ್ಟರ್. ನಮ್ಮ ಮಾತಿನವನೆಂದು ಅವ್ವನಿಗೆ ಅವನ ಮೇಲೆ ಅಕ್ಕರೆ. ಅವನು ಮೊದಲು ನೋಡಿದ್ದು ಬೆರಳನ್ನಲ್ಲ, ನನ್ನ ಹಣೆಯನ್ನು. ಅಲ್ಲಿ ಅವ್ವ ಹಚ್ಚಿದ ಅಂಗಾರವಿತ್ತು, ದೇವರ ಬೂದಿ.

“ಬೆರಳಿಗೂ ಹಚ್ಚೀರೇನ್ರಿ? ಅದಕ್ಕ ಬೆಳಕು ಒಳಗ ಹೋಗವಲ್ದು.”

“ಇಲ್ಲಪಾ, ಹಣಿಗೆ ಅಷ್ಟ.”

“ಖರೇ ಹೇಳ್ರಿ.”

“ನನ್ನ ಮಗನ ಬೆರಳದು, ಸುಳ್ಳ ಯಾಕ ಹೇಳ್ಲಿ? ತಣ್ಣಗ ಆಗ್ಯದ, ನೀನ ನೋಡು.”

“ಅಂದ್ರ ಮುಟ್ಟೀರಿ ಅಂದಂಗಾತು.”

ವೈರು ಕಿತ್ತ. ಸ್ಪಿರಿಟ್ಟಿನಿಂದ ಬೆರಳು ಒರೆಸಿದ.

ಹತ್ತಿ ಬೆಳ್ಳಗೇ ಇತ್ತು.

ಮತ್ತೆ ಒರೆಸಿದ. ವೈರು ಮತ್ತೆ ಅಂಟಿಸಿದ. ಅಂಕಿ ಏರಲಿಲ್ಲ. ಓದು ಬರಹವಿಲ್ಲದವರನ್ನು ವಾರ್ಡಿಗೆ ಬಿಡಬಾರದೆಂದು ಸಿಸ್ಟರಿಗೆ ಮರಾಠಿಯಲ್ಲಿ ಹೇಳಿದ. ಪುಣೆಯಲ್ಲಿ ಮೂವತ್ತು ವರ್ಷ ತರಕಾರಿ ಕೊಂಡ ಅವ್ವನಿಗೆ ಅದು ಪೂರ್ತಿ ತಿಳಿಯಿತು. ಲಕ್ಷಗಟ್ಟಲೆ ಬೆಲೆಯ ಮಷಿನ್ ಬೆರಳಿಗೆ ರಕ್ತ ಹೋಗುತ್ತಿಲ್ಲ ಎನ್ನುತ್ತಿತ್ತು. ಬೆರಳು ತಣ್ಣಗಿದೆ ಎಂದು ಅವ್ವ ಹೇಳುತ್ತಿದ್ದಳು. ಇಬ್ಬರನ್ನೂ ನಂಬದೆ ಅವನು ತನ್ನ ಊಹೆಯನ್ನು ನಂಬಿದ. ಇದೆಲ್ಲ ಹತ್ತು ನಿಮಿಷ ನಡೆಯಿತೋ, ಒಂದು ತಾಸೋ, ನಾನು ಆಣೆ ಮಾಡಲಾರೆ, ಔಷಧದ ಮಂಪರಿತ್ತು. ಬಿಳಿ ಹತ್ತಿಯನ್ನಂತೂ ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಸಿಸ್ಟರೇ ದೊಡ್ಡ ಡಾಕ್ಟರನ್ನು ಕರೆದರು. ಅವರು ಬೆರಳನ್ನು ಒಮ್ಮೆ ಒತ್ತಿ ನೋಡಿ, “ಥಿಯೇಟರ್” ಎಂದರು. ಹೊಲಿದ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು.

ಬೆರಳು ಉಳಿಯಿತು. ತುದಿ ಮಾತ್ರ ಕಪ್ಪಾಗಿ ಉದುರಿತು. ಬೇಗ ಒಯ್ದಿದ್ದರೆ ಅದೂ ಉಳಿಯುತ್ತಿತ್ತೇ ಎಂದು ಕೇಳಿದೆ. ದೊಡ್ಡ ಡಾಕ್ಟರು ಪಟ್ಟಿ ಸರಿಮಾಡಿ ಮುಂದಿನ ಮಂಚಕ್ಕೆ ಹೋದರು. ಈಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ, ರೊಟ್ಟಿ ಮುರಿಯುತ್ತೇನೆ. ಅಷ್ಟಕ್ಕೆ ಋಣಿ.

ಡಿಸ್ಚಾರ್ಜ್ ದಿನ ಆ ಹುಡುಗ ಬಂದು ತಪ್ಪಾಯಿತೆಂದ, ಎಂದು ಅವ್ವ ಎಲ್ಲರಿಗೂ ಹೇಳುತ್ತಾಳೆ. ನಾನು ಅಲ್ಲೇ ಇದ್ದೆ. ಅವನು ಬರಲಿಲ್ಲ. ಅವ್ವನ ಮಾತನ್ನು ನಾನು ತಿದ್ದುವುದಿಲ್ಲ.